ಕುಳ್ಳ ಕಂಬದ ಕಷ್ಟ

ಗುಂಡ್ಲುಪೇಟೆಯಿಂದ ಬಂಡೀಪುರ, ತೆಪ್ಪಕಾಡು ದಾಟಿ ಗೂಡಲೂರಿಗೆ ಬರುವವರಿಗೆ ಪೇಟೆಯ ಕಟ್ಟಡಗಳ ಮುಖ ಮಾತ್ರ ಕಾಣುತ್ತದೆ. ಬೆನ್ನು ನೋಡಲು ಕೆಳಗಿನ ಓಣಿಗೆ ಇಳಿಯಬೇಕು. ರಸ್ತೆಗೆ ಎರಡಂತಸ್ತು; ಹಿಂದೆ ಇಳಿಜಾರಿನಲ್ಲಿ ಆ ಎರಡನ್ನೂ ಹೊತ್ತ ಉದ್ದುದ್ದ ಕಾಂಕ್ರೀಟ್ ಕಂಬಗಳು. 1984ರಲ್ಲಿ ಅಪ್ಪ ಕಟ್ಟಿಸಿದ ನಮ್ಮದೂ ಅಂಥದ್ದೇ. ಕೆಳಗೆ ಬಾಡಿಗೆಯ ಅಂಗಡಿ, ಮೇಲೆ ಮನೆ.

ಅಂಗಡಿ ದೊಡ್ಡದು ಮಾಡಲು ನಡುಗೋಡೆ ಒಡೆಸೋಣವೆಂದು ಮೇಸ್ತ್ರಿಯನ್ನು ಕರೆಸಿದೆ. "ಬರೀ ಇಟ್ಟಿಗೆ ಗೋಡೆ ತಾನೆ ಸಾರ್, ತೆಗೆದ್ರಾಯ್ತು" ಎಂದ. ಜೊತೆಗಿದ್ದ ಎಂಜಿನಿಯರು ಒಪ್ಪಲಿಲ್ಲ. "ಕೆಳಗೆ ಮೊದಲೇ ಗೋಡೆಯಿಲ್ಲ. ಇದೂ ಹೋದ್ರೆ ಭೂಕಂಪಕ್ಕೆ ತಡೆಯೋದು ಯಾವುದು?"

ನನಗೆ ನಗು ಬಂತು. ನಮ್ಮಲ್ಲಿ ಭಯವೆಂದರೆ ಮಣ್ಣು ಜರಿಯುವುದು. 2009ರ ನವೆಂಬರಿನಲ್ಲಿ ಈ ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತದ್ದು ನೆನಪಿದೆ. ಆದರೆ 1900ರ ಫೆಬ್ರವರಿ 8ರಂದು ಪಕ್ಕದ ಕೊಯಮತ್ತೂರಿನ ಕಡೆ ಸುಮಾರು 6ರ ತೀವ್ರತೆಯ ಭೂಕಂಪವಾಗಿತ್ತಂತೆ. 2002ರ ನಕ್ಷೆ ನೀಲಗಿರಿಯನ್ನು ಮೂರನೇ ವಲಯಕ್ಕೆ ಸೇರಿಸಿತು. 2001ರ ಭುಜ್ ಭೂಕಂಪಕ್ಕೆ ದೂರದ ಅಹಮದಾಬಾದಿನಲ್ಲಿ ಕುಸಿದವುಗಳಲ್ಲಿ, ವಾಹನ ನಿಲ್ಲಿಸಲೆಂದು ಕೆಳಗೆ ಗೋಡೆಯಿಲ್ಲದೆ ಬಿಟ್ಟಿದ್ದ ಕಟ್ಟಡಗಳೂ ಇದ್ದವು.

ಹಿಂದಿನ ಉದ್ದ ಕಂಬಗಳೇ ಅಪಾಯವೆಂದುಕೊಂಡಿದ್ದೆ. ಎಂಜಿನಿಯರು ಟಾರ್ಚ್ ಹಿಡಿದು ತೋರಿಸಿದ್ದು ರಸ್ತೆ ಬದಿಯಲ್ಲಿ, ಅಂಗಡಿಯ ನೆಲದಡಿ ಮೂರೇ ಅಡಿ ಎದ್ದ ಕುಳ್ಳ ಕಂಬಗಳನ್ನು. ನೆಲ ಅಲುಗಿದರೆ ಮೇಲಿನ ಚಪ್ಪಡಿ ಎಲ್ಲ ಕಂಬಗಳನ್ನೂ ಒಟ್ಟಿಗೇ ತಳ್ಳುತ್ತದೆ. ಉದ್ದದ್ದು ಬಾಗಿಕೊಡುತ್ತದೆ. ಕುಳ್ಳನದ್ದು ನಮ್ಮಪ್ಪನ ಸ್ವಭಾವ, ಬಾಗುವುದಿಲ್ಲ. ಹೆಚ್ಚಿನ ಬಲವನ್ನೆಲ್ಲ ತಾನೇ ಎಳೆದುಕೊಂಡು ಓರೆಯಾಗಿ ಸೀಳುತ್ತದೆ.

ಒಂದರ ಗಾರೆ ಕೆತ್ತಿಸಿದೆವು. ಕಬ್ಬಿಣಕ್ಕೆ ತುಕ್ಕು. ರಿಂಗುಗಳು ಒಂಬತ್ತು ಇಂಚಿಗೊಂದು, ತುದಿಗಳು ಬರೀ ಮೂಲೆಮಟ್ಟಕ್ಕೆ ಮಡಿಸಿದ್ದು. ಹೊರಪದರ ಉದುರಿದರೆ ಇವು ಬಿಚ್ಚಿಕೊಳ್ಳುತ್ತವೆ. ತುದಿ 135 ಡಿಗ್ರಿ ತಿರುಗಿ ಕಂಬದೊಳಕ್ಕೆ ಹೊಕ್ಕಿರಬೇಕು.

ಇದಕ್ಕೆ ಜಾಕೆಟಿಂಗ್ ಮಾಡುತ್ತಾರೆ. ಹಳೆಯ ಮೈ ಒರಟು ಮಾಡಿ, ತುಕ್ಕು ಉಜ್ಜಿ, ಸುತ್ತ ಹೊಸ ಕಂಬಿ ನಿಲ್ಲಿಸಿ, ಒತ್ತೊತ್ತಾಗಿ ರಿಂಗು ಕಟ್ಟಿ ಕಾಂಕ್ರೀಟ್ ಸುರಿಯುವುದು. ಕಂಬಿಗಳು ಅಡಿಪಾಯಕ್ಕೂ ಇಳಿಯಬೇಕು, ಚಪ್ಪಡಿ ತೂರಿ ಮೇಲಕ್ಕೂ ಹೋಗಬೇಕು. ಆದರೆ ಕುಳ್ಳ ಕಂಬಕ್ಕಷ್ಟೇ ಅಂಗಿ ತೊಡಿಸಿದರೆ ಅದು ಇನ್ನೂ ಬಿಗಿಯಾಗಿ ಇನ್ನೂ ಬಲ ಎಳೆಯುತ್ತದೆ. ಆದ್ದರಿಂದ ಹಿಂದಿನ ಉದ್ದ ಕಂಬಗಳ ನಡುವೆಯೂ ಕಾಂಕ್ರೀಟ್ ಗೋಡೆ ಎಬ್ಬಿಸಿ ತೂಗಿಸಬೇಕು. ಲೆಕ್ಕ ಹಾಕದೆ ಮೇಸ್ತ್ರಿಯ ಕಣ್ಣಂದಾಜಿನಲ್ಲಿ ಆಗುವ ಕೆಲಸವಲ್ಲ. ಹಳೇ ಕಾಂಕ್ರೀಟ್ ಕಟ್ಟಡಗಳಿಗೆಂದೇ 2013ರಲ್ಲಿ ಐಎಸ್ 15988 ಎಂಬ ಮಾನಕ ಬಂದಿದೆ.

"ನಲವತ್ತು ವರ್ಷ ನಿಂತದ್ದು ಮಗಾ" ಎಂದು ಅಮ್ಮ ಗೊಣಗಿದರು. ಕಂಬಿ ನೆಲ ತೂರುವುದರಿಂದ ಬಾಡಿಗೆಯವರು ಎರಡು ತಿಂಗಳು ಅಂಗಡಿ ಮುಚ್ಚಬೇಕು. "ದೀಪಾವಳಿ ವ್ಯಾಪಾರ ಮುಗೀಲಿ ಸಾರ್" ಎಂದರು. ಮಳೆಯೂ ನಿಲ್ಲಬೇಕಲ್ಲ, ಜನವರಿಗೆ ಗೊತ್ತುಮಾಡಿದ್ದೇವೆ. ನಡುಗೋಡೆ ಇದ್ದಲ್ಲೇ ಇದೆ.