ತಾಳವಾಡಿ: ನಾಲ್ಕು ದಿಕ್ಕಿಗೂ ಕೊನೆಯ ಊರು

ಬೆಳಗಿನ ಐದೂವರೆ. ಬಣ್ಣಾರಿಯ ತಪಾಸಣಾ ಠಾಣೆಯ ಮುಂದೆ ಲಾರಿಗಳು ಒಂದರ ಹಿಂದೆ ಒಂದು ನಿಂತಿವೆ. ಮಾರಿಯಮ್ಮನ ಗುಡಿಯ ಕಡೆಯಿಂದ ಕರ್ಪೂರದ ವಾಸನೆ ಬರುತ್ತಿದೆ. ಚಾಲಕರು ಚಹಾದ ಲೋಟ ಹಿಡಿದು ಗೇಟಿನತ್ತ ನೋಡುತ್ತಿದ್ದಾರೆ. ಆರು ಗಂಟೆಯಾದರೆ ಗೇಟು ಏಳುತ್ತದೆ. ಅಲ್ಲಿಯವರೆಗೆ ಎದುರಿಗಿರುವ ಘಟ್ಟ ಹುಲಿಗೆ, ಆನೆಗೆ, ಕಾಡೆಮ್ಮೆಗೆ ಸೇರಿದ್ದು.

ದೀಪಾವಳಿ ಕಳೆದ ವಾರ ನಾನು ಈ ದಾರಿಯಲ್ಲಿ ತಾಳವಾಡಿಗೆ ಹೊರಟಿದ್ದೆ. ತಮಿಳುನಾಡಿನ ಈರೋಡ್ ಜಿಲ್ಲೆಯ ಉತ್ತರದ ತುದಿಯಲ್ಲಿರುವ, ಮನೆಮಾತಾಗಿ ಕನ್ನಡವೇ ಹೆಚ್ಚು ಕೇಳುವ ತಾಲೂಕು ಅದು. ಚಾಮರಾಜನಗರದಿಂದ ಹೋದರೆ ಗಂಟೆಯೊಳಗಿನ ಹಾದಿ. ಆದರೆ ತಾಳವಾಡಿಯ ರೈತನೊಬ್ಬ ಜಿಲ್ಲಾಧಿಕಾರಿಗೆ ಅರ್ಜಿ ಕೊಡಲು ಯಾವ ದಾರಿ ಹಿಡಿಯಬೇಕೋ ಅದೇ ದಾರಿಯನ್ನು ನಾನೂ ನೋಡಬೇಕಿತ್ತು. ಅದಕ್ಕೇ ಕೆಳಗಿನಿಂದ, ಸತ್ಯಮಂಗಲದ ಕಡೆಯಿಂದ ಹತ್ತಿದೆ.

ದಿಂಬಂ ಘಟ್ಟಕ್ಕೆ 27 ಹೇರ್‌ಪಿನ್ ತಿರುವುಗಳು. ಬೆಂಗಳೂರು ಮತ್ತು ಕೊಯಮತ್ತೂರನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 948 ಇದೇ. ಒಂದೊಂದು ತಿರುವಿನಲ್ಲೂ ಬಸ್ಸು ಉಸಿರು ಬಿಟ್ಟು ಮತ್ತೆ ಉಸಿರು ತೆಗೆದುಕೊಳ್ಳುತ್ತದೆ. ಎದುರಿನ ಲಾರಿ ಪೂರ್ತಿ ತಿರುಗಿಕೊಳ್ಳುವವರೆಗೂ ನಮ್ಮ ಚಾಲಕ ಕಾಯುತ್ತಾನೆ. ಮೇಲೇರಿದಂತೆ ಕೆಳಗೆ ಬಯಲು ಹರಡಿಕೊಂಡು, ದೂರದಲ್ಲಿ ಭವಾನಿಸಾಗರದ ನೀರು ತಗಡಿನಂತೆ ಹೊಳೆಯುತ್ತದೆ. ತಾಳವಾಡಿಯ ಜನ ಮತ ಹಾಕುವುದು ಆ ನೀರಿನ ಹೆಸರಿನ ಕ್ಷೇತ್ರಕ್ಕೆ. ವಿಧಾನಸಭೆಗೆ ಭವಾನಿಸಾಗರ, ಲೋಕಸಭೆಗೆ ನೀಲಗಿರಿ. ಜಿಲ್ಲಾಧಿಕಾರಿ ಕೂರುವುದು ನೂರು ಕಿಲೋಮೀಟರಿಗೂ ಆಚೆಯ ಈರೋಡಿನಲ್ಲಿ. ಊರಿನ ತೀರ್ಮಾನಗಳೆಲ್ಲ ಆಗುವುದು ಈ 27 ತಿರುವುಗಳ ಕೆಳಗೆ.

ಘಟ್ಟ ಮುಗಿದದ್ದೇ ಗಾಳಿ ಬದಲಾಗುತ್ತದೆ. ದಿಂಬಂ ದಾಟಿ ಹಾಸನೂರಿನಲ್ಲಿ ಇಳಿದರೆ ಚಳಿ ಕಿವಿಗೆ ತಾಗುತ್ತದೆ. ರಸ್ತೆಯ ಇಕ್ಕೆಲಗಳ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತಾರ 1,400 ಚದರ ಕಿಲೋಮೀಟರಿಗೂ ಹೆಚ್ಚು. ಹುಲಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದ್ದಕ್ಕಾಗಿ 2022ರಲ್ಲಿ ಈ ಕಾಡಿಗೆ ಅಂತರರಾಷ್ಟ್ರೀಯ ಟಿಎಕ್ಸ್2 ಪ್ರಶಸ್ತಿ ಬಂತು. ಇದು ಹೆಮ್ಮೆಯ ಸಂಗತಿಯೇ. ಒಂದು ಕಾಲಕ್ಕೆ ಬಂದೂಕಿನ ಸದ್ದಿಗೆ, ಗಂಧದ ಕಳ್ಳಸಾಗಣೆಗೆ ಹೆಸರಾಗಿದ್ದ ಕಾಡು ಮತ್ತೆ ತುಂಬಿಕೊಂಡಿದೆ. ಹೀಗೆ ತುಂಬಿದ ಕಾಡಿನ ಬೆಲೆಯನ್ನು ಕಟ್ಟುತ್ತಿರುವವರು ಯಾರು? ತಾಳವಾಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಕಾರಪಳ್ಳಂ ತಪಾಸಣಾ ಠಾಣೆಯ ಬಳಿ ಬಸ್ಸು ನಿಧಾನವಾಯಿತು. ತಾಳವಾಡಿ ಕಡೆಯ ಕಬ್ಬು ಇದೇ ದಾರಿಯಲ್ಲಿ ಸತ್ಯಮಂಗಲದ ಕಾರ್ಖಾನೆಗೆ ಇಳಿಯುತ್ತದೆ. ಆ ವಾಸನೆ ಹಿಡಿದ ಆನೆಗಳು ಮರಿಗಳೊಂದಿಗೆ ರಸ್ತೆಗೆ ಬಂದು ಲಾರಿ ತಡೆದು ಕಬ್ಬು ಎಳೆದುಕೊಳ್ಳುವುದು ಇಲ್ಲಿನ ನಿತ್ಯದ ನೋಟ. ಫೋನಿನಲ್ಲಿ ನೋಡಿದವರಿಗೆ ಅದು ಮುದ್ದಾಗಿ ಕಾಣುತ್ತದೆ. ಕಬ್ಬಿನ ರುಚಿ ಹತ್ತಿದ ಆನೆ ಲಾರಿಯ ಹತ್ತಿರವೇ ನಿಲ್ಲುವುದಿಲ್ಲ, ಗದ್ದೆಗೂ ಬರುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತು.

ಕಾಡು ದಾಟಿದ ಮೇಲೆ ನೆಲ ಒಮ್ಮೆಲೇ ಸಮತಟ್ಟಾಗುತ್ತದೆ. ಕೆಂಪು ಮಣ್ಣು, ಬಾಳೆ, ಎಲೆಕೋಸು, ಟೊಮೇಟೊ, ಜೋಳ, ತೆನೆ ಬಾಗಿದ ರಾಗಿ. ಮಣ್ಣು, ಮಾತು, ಮನೆಯ ಮುಂದಿನ ರಂಗೋಲಿ, ಎಲ್ಲವೂ ಚಾಮರಾಜನಗರದ್ದೇ. ಈ ಬೆಟ್ಟಗಳ ಹಳ್ಳಗಳೂ ಉತ್ತರಕ್ಕೆ ಹರಿದು ಚಾಮರಾಜನಗರದ ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಗಳನ್ನು ಸೇರುತ್ತವೆ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಕೊಯಮತ್ತೂರಿನಿಂದ ಈರೋಡ್ ಜಿಲ್ಲೆ ಬೇರೆಯಾದದ್ದು 1979ರಲ್ಲಿ. ತಾಳವಾಡಿಯೇ ಒಂದು ತಾಲೂಕಾಗಲು 2016ರವರೆಗೆ ಕಾಯಬೇಕಾಯಿತು.

ತಾಳವಾಡಿ ಪೇಟೆ ದೊಡ್ಡದಲ್ಲ. ಬಸ್ ನಿಲ್ದಾಣದ ಸುತ್ತ ಬೀಜ, ಗೊಬ್ಬರ, ಪೈಪಿನ ಅಂಗಡಿಗಳು. ಬೋರ್ಡುಗಳು ತಮಿಳಿನಲ್ಲಿ, ಚೌಕಾಸಿ ಕನ್ನಡದಲ್ಲಿ. ಒಂದು ಮೂಲೆಯಲ್ಲಿ ಹೆಂಗಸೊಬ್ಬರು ಗೋಣಿಯ ಮೇಲೆ ಒಣಮೀನು, ಸೀಗಡಿ ಹರಡಿಕೊಂಡು ಕೂತಿದ್ದರು. ಕಡಲು ಕಾಣದ ಈ ಊರಿನ ಸಾರಿಗೂ ಕಡಲಿನ ಉಪ್ಪು ಸೇರುತ್ತದೆ. ಆ ಮೀನಿನ ರಾಶಿಯ ಮುಂದೆ ನಿಂತಾಗ ನನಗೆ ಕರಾವಳಿಯ ಮೀನುಗಾರರ ನೆನಪಾಯಿತು. ಮೀನಿನ ಸಂತತಿ ಉಳಿಯಲೆಂದು ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಿಗೆಂದು ತಮಿಳುನಾಡು ಸರ್ಕಾರ ಮೀನುಗಾರ ಕುಟುಂಬಗಳಿಗೆ ಪರಿಹಾರಧನ ಕೊಡುತ್ತದೆ. ಹಣ ಸಾಲದೆಂಬ ಕೊರಗು ಅವರಿಗೂ ಇದೆ. ಆದರೂ ಅದರಲ್ಲಿ ಒಂದು ನ್ಯಾಯದ ಎಳೆಯಿದೆ. ಪ್ರಕೃತಿಯನ್ನು ಉಳಿಸಲು ನಿನ್ನ ದುಡಿಮೆಯನ್ನು ನಿಲ್ಲಿಸಿದ್ದೇವೆ, ಆದ್ದರಿಂದ ನಿನ್ನ ಹೊಟ್ಟೆಗೆ ನಾವು ಹೊಣೆ ಎಂದು ಸರ್ಕಾರ ಅಷ್ಟಾದರೂ ಒಪ್ಪಿಕೊಂಡಿದೆ. ಬೆಟ್ಟದ ರೈತನಿಗೆ ಆ ಮಾತನ್ನು ಯಾರೂ ಹೇಳಿಲ್ಲ. ಅವನ ಘಟ್ಟದ ಗೇಟು ಇಳಿಯುವುದು ವರ್ಷದ ಎಲ್ಲ ರಾತ್ರಿಗಳಲ್ಲಿ.

2022ರ ಫೆಬ್ರವರಿ 10ರಂದು ಮದರಾಸು ಹೈಕೋರ್ಟಿನ ಆದೇಶದಂತೆ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರ ನಿಷೇಧ ಜಾರಿಯಾಯಿತು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಸರಕು ವಾಹನಗಳಿಗೆ, ರಾತ್ರಿ ಒಂಬತ್ತರಿಂದ ಲಘು ವಾಹನಗಳಿಗೂ. ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳನ್ನು ಉಳಿಸುವುದು ಉದ್ದೇಶ. ಅಂದು ತಾಳವಾಡಿ, ಹಾಸನೂರಿನ ಅಂಗಡಿಗಳು ಬಾಗಿಲು ಹಾಕಿದವು, ಜನ ಬೀದಿಗಿಳಿದರು. ಆಮೇಲೆ ಸ್ಥಳೀಯರಿಗೆ, ತುರ್ತು ವಾಹನಗಳಿಗೆ, ಹಾಲು ತರಕಾರಿಗೆ ಸಡಿಲಿಕೆ ಬಂತು. ಆ ಸಡಿಲಿಕೆಗಾಗಿ ಊರೇ ಬೀದಿಗಿಳಿಯಬೇಕಾದದ್ದೇಕೆ? ಸಂಜೆ ಕೊಯ್ದ ಸೊಪ್ಪು, ಟೊಮೇಟೊ ರಾತ್ರಿಯೇ ಘಟ್ಟ ಇಳಿದರಷ್ಟೇ ಬೆಳಗಿನ ಮಾರುಕಟ್ಟೆ ಸಿಗುವುದು ಎಂಬುದನ್ನು ಆದೇಶಕ್ಕೆ ಮೊದಲೇ ಎತ್ತಿ ಹೇಳಬೇಕಾದವರು ಇಲ್ಲಿನ ಮತ ಪಡೆದು ಹೋದವರು.

ಮಧ್ಯಾಹ್ನ ಜೀರಹಳ್ಳಿ ಕಡೆಗೆ ನಡೆದೆ. ಕಾಡಿನ ಅಂಚಿಗೆ ಆನೆ ಕಂದಕ ತೋಡಿದ್ದಾರೆ. ಮಳೆಗೆ ಬದಿ ಕುಸಿದಲ್ಲಿ ಮಣ್ಣು ಜಾರಿ ಇಳಿಜಾರಾಗಿದೆ, ಅದರ ಮೇಲೆ ದುಂಡನೆಯ ಹೆಜ್ಜೆಗಳು. ಆಚೆ ಕಾಡಿನೊಳಗೆ ಕಣ್ಣು ಹಾಯುವಷ್ಟು ದೂರ ಲಂಟಾನದ ಪೊದೆ. ಆ ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದ ಕಾಡಿನಿಂದ ಆನೆ ಈಚೆ ಬರುತ್ತದೆ, ಜಿಂಕೆ ಬರುತ್ತದೆ, ಹಂದಿ ಬರುತ್ತದೆ, ಅವುಗಳ ಹಿಂದೆ ಚಿರತೆ ಬರುತ್ತದೆ. ಕಂದಕವನ್ನು ತೋಡಿದಷ್ಟಕ್ಕೇ ಬಿಟ್ಟರೆ, ಲಂಟಾನವನ್ನು ಬೇರುಸಹಿತ ಕೀಳದಿದ್ದರೆ, ಈ ಸಾಲು ನಿಲ್ಲುವಂಥದ್ದಲ್ಲ.

ಹೊಲದ ನಡುವೆ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡಿದ್ದ ಹಿರಿಯರೊಬ್ಬರು ಕೈಬೀಸಿ ಕರೆದರು. ಊರು ಯಾವುದೆಂದು ಕೇಳಿದರು, ನೀರು ಕೊಟ್ಟರು.

“ರಾತ್ರ ನಿದ್ದ ಮಾಡಿ ಎಷ್ಟು ದಿನ ಆಯ್ತಣ್ಣ?” ಎಂದೆ.

“ರಾಗಿ ತೆನ ಕಟ್ಟದಾಗಿಂದ ಇಲ್ಲ ಕನಪ್ಪ. ಆನ ಬಂದ್ರ ಒಂದೇ ರಾತ್ರ್ಯಾಗ ಎಲ್ಲಾನು ತಿಂದ್ಕಂಡ್ ಹೋಯ್ತದ. ಅದ್ಕೂ ಹಸಿವು ಅದ, ನಾ ಬಯ್ಯಕಿಲ್ಲ. ಆದ್ರ ನಮ್ಮ ಹಸಿವ ಯಾರ್ ಕೇಳದು?”

ಇಲ್ಲಿನವರಿಗೆ ಆನೆಯ ಮೇಲೆ ದ್ವೇಷವಿಲ್ಲ. ಭಯವಿದೆ, ಕಾರಣವೂ ಇದೆ. ಇದೇ ಸೀಮೆಯಲ್ಲಿ ಬೆಳೆ ಕಾಯುತ್ತಿದ್ದ ರೈತರನ್ನು ಕೊಂದ ‘ಕರುಪ್ಪನ್’ ಎಂಬ ಒಂಟಿ ಸಲಗವನ್ನು ಹಲವು ಸಲ ಪ್ರಯತ್ನಿಸಿ ಸೋತು, ಕೊನೆಗೆ 2023ರ ಏಪ್ರಿಲ್‌ನಲ್ಲಿ ಪಳಗಿಸಿದ ಕುಮ್ಕಿ ಆನೆಗಳ ನೆರವಿನಿಂದ ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಒಂದು ಆನೆಯನ್ನು ಸಾಗಿಸಿದ್ದರಿಂದ ಕಂದಕ ತುಂಬಿಕೊಳ್ಳುವುದು ನಿಂತಿಲ್ಲ. ಬೆಳೆನಷ್ಟಕ್ಕೆ ಪರಿಹಾರವೇನೋ ಉಂಟು. ಅದಕ್ಕೆ ಜಮೀನಿನ ಪಟ್ಟಾ ಬೇಕು, ಚಿಟ್ಟಾ ಬೇಕು, ಅಡಂಗಲ್ ಬೇಕು, ಫೋಟೊ ಬೇಕು, ಅಧಿಕಾರಿ ಬಂದು ನೋಡಬೇಕು. ಕಾಗದಗಳೆಲ್ಲ ತಮಿಳಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹಳಬರಿಗೆ ತಮ್ಮದೇ ಜಮೀನಿನ ಕಾಗದ ಓದಲು ಇನ್ನೊಬ್ಬರು ಬೇಕು. ಗುತ್ತಿಗೆಗೆ ಉಳುವವನ ಕೈಯಲ್ಲಂತೂ ಕಾಗದವೇ ಇಲ್ಲ.

ಕಾಡಿನೊಳಗಿನ ಸೋಲಿಗ, ಊರಾಳಿ ಹಾಡಿಗಳವರ ಪಾಡು ಇನ್ನೂ ಹಳೆಯದು. ಕಾಡುಗಳ್ಳ ವೀರಪ್ಪನ್‌ಗಾಗಿ ಬೇಟೆ ನಡೆದ ವರ್ಷಗಳಲ್ಲಿ ಎರಡೂ ರಾಜ್ಯಗಳ ಜಂಟಿ ಕಾರ್ಯಪಡೆಯ ಕೈಯಲ್ಲಿ ಕಾಡಂಚಿನ ಜನ ಪಟ್ಟ ಹಿಂಸೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರವೆಂದು ಆಯೋಗ ಹೇಳಿತು. ಅದರ ಹಿಂದಿನ ವರ್ಷವಷ್ಟೇ, 2006ರಲ್ಲಿ, ಅರಣ್ಯ ಹಕ್ಕು ಕಾಯ್ದೆ ಬಂದಿತ್ತು. ತಲೆತಲಾಂತರದಿಂದ ಕಾಡಿನಲ್ಲಿದ್ದವರಿಗೆ ನೆಲದ ಹಕ್ಕು ಕೊಡುವ ಕಾಯ್ದೆ. ತಮಿಳುನಾಡಿನಲ್ಲಿ ನ್ಯಾಯಾಲಯದ ತಡೆಯಿಂದಾಗಿ ಹಕ್ಕುಪತ್ರ ಕೊಡುವ ಕೆಲಸಕ್ಕೆ 2016ರವರೆಗೂ ಅಡ್ಡಿಯಿತ್ತು. ಜೇನು, ಸೀಗೆ, ನೆಲ್ಲಿ ತಂದು ಬದುಕುವವರಿಗೆ ಆ ಹತ್ತು ವರ್ಷ ಎಂದರೆ ಒಂದು ತಲೆಮಾರಿನ ಬಾಲ್ಯ.

ಇಳಿಹೊತ್ತಿಗೆ ದೊಡ್ಡಗಾಜನೂರಿಗೆ ಬಂದೆ. ಕನ್ನಡಿಗರಿಗೆ ಇದು ಯಾತ್ರೆಯ ಊರು. ನಟ ಡಾ. ರಾಜ್‌ಕುಮಾರ್ ಅವರ ಹಿರಿಯರ ನೆಲ. 2000ದ ಜುಲೈ 30ರ ರಾತ್ರಿ ಅವರನ್ನು ವೀರಪ್ಪನ್ ಇಲ್ಲಿಂದಲೇ ಕಾಡಿಗೆ ಒಯ್ದ. ಬಿಡುಗಡೆಯಾದದ್ದು ನವೆಂಬರ್ 15ರಂದು, 108 ದಿನಗಳ ನಂತರ. ಆ 108 ದಿನ ಎರಡು ರಾಜ್ಯಗಳ ಮುಖ್ಯಮಂತ್ರಿಗಳು, ಪೊಲೀಸರು, ಪತ್ರಿಕೆಗಳು ಈ ಬೆಟ್ಟದತ್ತ ಕಣ್ಣು ನೆಟ್ಟು ಕೂತಿದ್ದರು. ಅಷ್ಟು ಗಮನ ಈ ಊರಿಗೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಈಗ ವರ್ಷಕ್ಕೊಮ್ಮೆ, ಬಲಿಪಾಡ್ಯಮಿಯ ಮರುದಿನ, ಪಕ್ಕದ ಗುಮಟಾಪುರದ ಗೊರೆಹಬ್ಬಕ್ಕೆ ಕ್ಯಾಮೆರಾಗಳು ಬರುತ್ತವೆ. ಬೀರೇಶ್ವರನ ಗುಡಿಯ ಮುಂದೆ ಸಗಣಿಯ ರಾಶಿ ಹಾಕಿ ಒಬ್ಬರ ಮೇಲೊಬ್ಬರು ಎರಚಾಡುವ ಹಬ್ಬ ಅದು. ಸಗಣಿಯಲ್ಲಿ ಮದ್ದಿನ ಗುಣವಿದೆ, ದನದಲ್ಲಿ ಲಕ್ಷ್ಮಿಯಿದ್ದಾಳೆ ಎಂದು ನಂಬಿದ ಒಕ್ಕಲು ಮಕ್ಕಳ ಹಬ್ಬ. ಮರುದಿನ ಕ್ಯಾಮೆರಾಗಳು ಹೋಗುತ್ತವೆ. ದನ ಕಟ್ಟುವ ಮನೆಗಳು ಕಡಿಮೆಯಾಗುತ್ತಿರುವುದನ್ನು ಕೇಳಲು ಯಾರೂ ಉಳಿಯುವುದಿಲ್ಲ.

ಹುಡುಗರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ಕೊಯಮತ್ತೂರಿಗೆ, ಮೈಸೂರಿಗೆ, ಬೆಂಗಳೂರಿಗೆ ಹೋಗುತ್ತಿದ್ದಾರೆ. ಗಡಿಯ ಆಚೆಯ ಕರ್ನಾಟಕದವರಿಗೂ ತಾಳವಾಡಿ ನೆನಪಾಗುವುದು ಬೋರ್ಡಿನ ಭಾಷೆಯ ಮಾತು ಬಂದಾಗಷ್ಟೇ. 2021ರ ಜನವರಿಯಲ್ಲಿ ರಾಮಾಪುರದ ಬಳಿ ಕನ್ನಡಪರ ಕಾರ್ಯಕರ್ತರು ತಮಿಳು ಫಲಕಗಳನ್ನು ಕಿತ್ತರು. ಎರಡೂ ಕಡೆ ಮಾತು ಬಿಸಿಯಾಯಿತು. ತಾಳವಾಡಿಯವರ ಬದುಕು ಹಾಗಿಲ್ಲ. ಅವರ ಪಡಿತರ ತಮಿಳುನಾಡಿನದು, ಆಸ್ಪತ್ರೆ ಚಾಮರಾಜನಗರದ್ದು, ನೆಂಟಸ್ತನ ಎರಡೂ ಕಡೆಯದು. ಅವರಿಗೆ ಬೇಕಿರುವುದು ತಮ್ಮ ಭಾಷೆಯಲ್ಲೂ ಬರೆದ ಅರ್ಜಿ ನಮೂನೆ, ಕನ್ನಡ ಶಾಲೆಗೆ ಮೇಷ್ಟ್ರು, ರಾತ್ರಿ ಹೆರಿಗೆ ನೋವು ಬಂದರೆ ಗೇಟಿನಲ್ಲಿ ವಿವರಣೆ ಕೊಡದೆ ಹೋಗುವ ದಾರಿ.

ನಾನು ಇಲ್ಲಿಂದ ಹೊತ್ತು ಬಂದ ಮಾತು ಒಂದೇ. ಹುಲಿ ಉಳಿಯಲಿ ಎಂಬುದು ದೇಶದ ನಿರ್ಧಾರ. ಆ ನಿರ್ಧಾರದ ಖರ್ಚನ್ನು ದೇಶವೇ ಭರಿಸಬೇಕು, ಕಾಡಿಗೆ ಅತಿ ಹತ್ತಿರ ಮನೆ ಕಟ್ಟಿಕೊಂಡ ಬಡವನಲ್ಲ. ಕಂದಕವನ್ನು ಪ್ರತಿ ಮಳೆಗಾಲದ ಮೊದಲು ಸರಿಪಡಿಸಲಿ. ಲಂಟಾನ ಕೀಳುವ ಕೂಲಿ ಇಲ್ಲಿನ ಸೋಲಿಗರಿಗೆ ಸಿಗಲಿ. ಬೆಳೆ ಕಳೆದುಕೊಂಡವನಿಗೆ ಮುಂದಿನ ಬಿತ್ತನೆಯೊಳಗೆ ಹಣ ತಲುಪಲಿ. ಮುಚ್ಚಿದ ಕಡಲಿಗೆ ಪರಿಹಾರ ಉಂಟಾದರೆ ಮುಚ್ಚಿದ ಘಟ್ಟಕ್ಕೂ ಉಂಟು ಎಂದು ಯಾರಾದರೂ ವಿಧಾನಸಭೆಯಲ್ಲಿ ಎದ್ದುನಿಂತು ಹೇಳಲಿ.

ಕತ್ತಲಾಯಿತು. ಚಾಮರಾಜನಗರದ ಕಡೆಯ ಬಸ್ಸಿಗೆ ಕಾಯುತ್ತ ನಿಂತೆ. ಹಿಂದೆ, ಕಾಡಿನ ಅಂಚಿನುದ್ದಕ್ಕೂ ಹೊಲಗಳಲ್ಲಿ ಒಂದೊಂದೇ ಟಾರ್ಚಿನ ಬೆಳಕು ಹತ್ತಿಕೊಂಡಿತು. ಆ ಹಿರಿಯರೂ ಅಟ್ಟಣೆ ಹತ್ತಿರಬೇಕು. ಬಣ್ಣಾರಿಯಲ್ಲಿ ಈ ಹೊತ್ತಿಗೆ ಲಾರಿಗಳನ್ನು ತಡೆದು ನಿಲ್ಲಿಸಿರುತ್ತಾರೆ. ಅಲ್ಲಿ ಕಾಯುವವರಿಗೆ ಬೆಳಿಗ್ಗೆ ಆರಕ್ಕೆ ಗೇಟು ತೆರೆಯುತ್ತದೆ. ಇಲ್ಲಿ ರಾಗಿ ಕಾಯುವವರು ಕೊಯ್ಲು ಮುಗಿಯುವವರೆಗೂ ಹೀಗೆಯೇ ಎದ್ದಿರಬೇಕು.