ಲ್ಯಾಟೆಕ್ಸ್ ಹಾಸಿಗೆ ಕೊಳ್ಳುವ ಮುನ್ನ: ಬೆಲೆ, ತೂಕ ಮತ್ತು ಬಿಲ್ಲು

ಬಾದಾಮಿಯ ವಸತಿಗೃಹಗಳ ಮಾಲೀಕರೂ ಬಾಗಲಕೋಟೆ, ಹುನಗುಂದ, ಇಳಕಲ್‌ಗಳ ವರ್ತಕ ಬಾಂಧವರೂ ಲೆಕ್ಕಪತ್ರಗಳ ಮಾತಿನ ನಡುವೆ ಲ್ಯಾಟೆಕ್ಸ್ ಹಾಸಿಗೆಯ ವಿಚಾರವನ್ನೂ ಪ್ರಸ್ತಾಪಿಸುವುದುಂಟು. ಅರಳೆಯ ಗಾದಿ ಗಂಟುಗಟ್ಟಿದರೆ ಪಿಂಜಿಸಿ ಮರಳಿ ತುಂಬಿಸಬಹುದು. ಲ್ಯಾಟೆಕ್ಸ್ ಹಾಸಿಗೆಗೆ ಅಂತಹ ಪುನರ್ಜನ್ಮವಿಲ್ಲ. ಆದಕಾರಣ ಯಂತ್ರವೊಂದನ್ನು ಕೊಳ್ಳುವಾಗ ನಾವು ವಹಿಸುವ ಎಚ್ಚರವನ್ನೇ ಇಲ್ಲಿಯೂ ವಹಿಸುವುದು ಯುಕ್ತ.

ಲ್ಯಾಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಕೇರಳದಲ್ಲಿಯೂ ನಮ್ಮ ಸುಳ್ಯ, ಪುತ್ತೂರು ಭಾಗಗಳಲ್ಲಿಯೂ ಇದರ ತೋಟಗಳಿವೆ. ಹಾಲನ್ನು ನೊರೆಯೆಬ್ಬಿಸಿ, ಅಚ್ಚಿಗೆ ಹೊಯ್ದು, ಗಂಧಕದ ನೆರವಿನಿಂದ ಬೇಯಿಸಿ ಗಟ್ಟಿಗೊಳಿಸುವುದು ಡನ್‌ಲಪ್ ವಿಧಾನ. ನೊರೆಯನ್ನು ನಿರ್ವಾತದಲ್ಲಿ ಹಿಗ್ಗಿಸಿ, ಹೆಪ್ಪುಗಟ್ಟಿಸಿ, ಅನಂತರ ಬೇಯಿಸುವುದು ತಾಲಾಲೇ ವಿಧಾನ. ಎರಡನೆಯದು ಹೆಚ್ಚು ಮೃದು, ಬೆಲೆಯೂ ಹೆಚ್ಚು. ಪೆಟ್ರೋಲಿಯಂ ಮೂಲದ ಕೃತಕ ಲ್ಯಾಟೆಕ್ಸನ್ನು ಬೆರೆಸಿದ ಸರಕೂ ಉಂಟು. ಪೇಟೆಯಲ್ಲಿ ಇವೆಲ್ಲಕ್ಕೂ ‘ಲ್ಯಾಟೆಕ್ಸ್’ ಎಂಬ ಒಂದೇ ಹೆಸರು.

ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಮೇಲೆ ಒಂದು ಇಂಚು ಲ್ಯಾಟೆಕ್ಸ್, ಕೆಳಗೆ ಐದು ಇಂಚು ಸಾಧಾರಣ ಪಿ.ಯು. ಫೋಮ್ ಇರುವ ಹಾಸಿಗೆಯೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಹೊದಿಕೆಯನ್ನು ಬಿಚ್ಚಿ ನೋಡಲು ಅಂಗಡಿಯವರು ಒಪ್ಪದಿದ್ದರೂ ತೂಕ ಮಾಡಲು ಅಡ್ಡಿಯಿಲ್ಲ. ತಕ್ಕಡಿಯಂತೂ ವರ್ತಕರಿಗೆ ಹೊಸದಲ್ಲ. ಸ್ಥೂಲವಾಗಿ ಒಂದು ಘನ ಮೀಟರ್ ಲ್ಯಾಟೆಕ್ಸ್ 80 ಕಿಲೋ ತೂಗಿದರೆ, ಹಾಸಿಗೆಗೆ ಬಳಸುವ ಪಿ.ಯು. ಫೋಮ್ 32 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳೋಣ. 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆಯ ಗಾತ್ರ 0.46 ಘನ ಮೀಟರ್. ಪೂರ್ತಿ ಲ್ಯಾಟೆಕ್ಸ್ ಆಗಿದ್ದರೆ ಅದರ ತೂಕ ಸುಮಾರು 37 ಕಿಲೋ. ಮೇಲೆ ಹೇಳಿದ ಮಿಶ್ರ ಹಾಸಿಗೆಯಾದರೆ ಸುಮಾರು 18 ಕಿಲೋ. ಸಾಂದ್ರತೆ ತಯಾರಕರಿಂದ ತಯಾರಕರಿಗೆ ಬದಲಾಗುವುದಾದರೂ ಇಷ್ಟೊಂದು ಅಂತರ ಅಡಗಿರಲಾರದು. ಮಿಶ್ರ ಹಾಸಿಗೆ ಕೆಟ್ಟದ್ದೆಂದಲ್ಲ, ಅದಕ್ಕೆ ಪೂರ್ತಿ ಲ್ಯಾಟೆಕ್ಸಿನ ಬೆಲೆ ತೆರುವುದು ಕೆಟ್ಟದ್ದು.

ನೈಸರ್ಗಿಕವೋ ಕೃತಕವೋ ಎಂಬುದನ್ನು ಮಾತ್ರ ತಕ್ಕಡಿ ಹೇಳದು. ಅದಕ್ಕೆ ಪ್ರತಿ ಪದರದ ವಿವರವನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ಜಿ.ಒ.ಎಲ್.ಎಸ್. ಪ್ರಮಾಣಪತ್ರ ಸಾವಯವ ಲ್ಯಾಟೆಕ್ಸಿಗೆ ಸಂಬಂಧಿಸಿದ್ದು. ಓಕೋ-ಟೆಕ್ಸ್ ಗುರುತು ಹಾನಿಕಾರಕ ವಸ್ತುಗಳು ಮಿತಿಯೊಳಗಿವೆ ಎಂದಷ್ಟೇ ಹೇಳುತ್ತದೆ, ನೈಸರ್ಗಿಕತೆಗೆ ಅದು ಸಾಕ್ಷಿಯಲ್ಲ.

ಇನ್ನು ದೇಹದ ಮಾತು. ಕೈಯಿಂದ ಒತ್ತಿ ನೋಡುವುದು ನಿರರ್ಥಕ. ತಾವು ನಿತ್ಯ ಮಲಗುವ ಭಂಗಿಯಲ್ಲಿಯೇ ಹತ್ತು-ಹದಿನೈದು ನಿಮಿಷ ಮಲಗಿ ನೋಡಬೇಕು, ಸಂಕೋಚ ಬೇಡ. ಮಗ್ಗುಲಾಗಿ ಮಲಗುವವರಿಗೆ ಭುಜ ತುಸು ಇಳಿಯುವಷ್ಟು ಮೃದುತ್ವ ಬೇಕು. ಅಂಗಾತ ಅಥವಾ ಬೋರಲು ಮಲಗುವವರಿಗೂ ಭಾರವಾದ ಮೈಯವರಿಗೂ ಗಟ್ಟಿ ಹಾಸಿಗೆ ಮೇಲು. ಹಗಲೆಲ್ಲ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುವವರ ಬೆನ್ನೂ ಕುಣಿಮಗ್ಗದಲ್ಲಿ ಕುಳಿತು ನೇಯುವವರ ಬೆನ್ನೂ ಬೇರೆ ಬೇರೆ. ನೆರೆಮನೆಯವರಿಗೆ ಒಗ್ಗಿದ್ದು ನಮಗೂ ಒಗ್ಗೀತೆಂಬ ಭರವಸೆಯಿಲ್ಲ.

ಬಿಲ್ಲಿನ ವಿಷಯದಲ್ಲಿ ನಮ್ಮವರು ಎಡವುವುದೇ ಹೆಚ್ಚು. ಲ್ಯಾಟೆಕ್ಸ್ ಹಾಸಿಗೆಗೆ ಜಿ.ಎಸ್.ಟಿ. ಶೇ. 18. ಮನೆಗೆ ಕೊಂಡ ಹಾಸಿಗೆಯ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಬರೆಸಿದರೆ ಇನ್‌ಪುಟ್ ಕ್ರೆಡಿಟ್ ದೊರೆಯುವುದೆಂಬ ಭಾವನೆ ತಪ್ಪು. ಸ್ವಂತ ಬಳಕೆಯ ಸರಕಿಗೆ ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮು ಅದನ್ನು ನಿರಾಕರಿಸುತ್ತದೆ. ಆದಾಯ ತೆರಿಗೆಯಲ್ಲಿಯೂ ಅದು ವ್ಯಾಪಾರದ ಖರ್ಚಲ್ಲ. ಸಾಲದೆಂಬಂತೆ ಇನ್ನೊಂದು ನಷ್ಟವಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಸಾಮಾನ್ಯವಾಗಿ ‘ಗ್ರಾಹಕ’ರೆನಿಸುವುದಿಲ್ಲ. ಹಾಸಿಗೆ ಎರಡನೆಯ ವರ್ಷದಲ್ಲಿಯೇ ಕುಸಿದು ದೂರು ಕೊಡಲು ಹೋದರೆ, ಅಂಗಡಿಯ ಹೆಸರಿನ ಆ ಬಿಲ್ಲೇ ಎದುರು ಪಕ್ಷದವರ ಕೈಗೆ ವಾದವಾಗುತ್ತದೆ. ಸ್ವಂತ ಹೆಸರಿನ ಬಿಲ್ಲಿದ್ದರೆ, ಮಾರಿದವರು ಯಾವ ಊರಿನವರೇ ಆಗಿರಲಿ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ.

ವಸತಿಗೃಹಗಳ ಲೆಕ್ಕ ಬೇರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ತೆರಿಗೆ ಶೇ. 5ಕ್ಕೆ ಇಳಿದಿದೆ, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. 30,000 ರೂ. ಹಾಸಿಗೆಯ ಮೇಲಿನ 5,400 ರೂ. ತೆರಿಗೆ ಈಗ ಪೂರ್ತಿ ಅಸಲಿಗೆ ಸೇರುತ್ತದೆ. ಇಪ್ಪತ್ತು ಹಾಸಿಗೆಗೆ 1,08,000 ರೂ. ಸವಕಳಿಯನ್ನು ಈ ತೆರಿಗೆ ಸೇರಿದ ಮೊತ್ತದ ಮೇಲೆಯೇ ಲೆಕ್ಕ ಹಾಕಬಹುದು ಎಂಬುದಷ್ಟೇ ಸಮಾಧಾನ.

ಹತ್ತು ವರ್ಷದ ವಾರಂಟಿ ಎಂದೊಡನೆ ಮರುಳಾಗಬಾರದು. ವರ್ಷ ಕಳೆದಂತೆ ಪರಿಹಾರದ ಪಾಲು ಇಳಿಯುತ್ತದೆಯೇ, ಎಷ್ಟು ಇಂಚು ಕುಸಿದರೆ ದೋಷವೆಂದು ಒಪ್ಪುತ್ತಾರೆ, ಸಾಗಣೆ ವೆಚ್ಚ ಯಾರದು ಎಂಬುದನ್ನು ಓದಿಕೊಳ್ಳಬೇಕು. ಊರ ಬಡಿಗರು ಮಾಡಿದ ಮಂಚಕ್ಕೆ ತಕ್ಕಂತೆ ವಿಶೇಷ ಅಳತೆಯಲ್ಲಿ ಮಾಡಿಸಿದ ಹಾಸಿಗೆಯನ್ನು ಹಿಂಪಡೆಯಲು ಬಹುತೇಕ ಕಂಪನಿಗಳು ಒಪ್ಪುವುದಿಲ್ಲ. ಹಗ್ಗ ಹೆಣೆದ ಹೊರಸು ಈ ಹಾಸಿಗೆಗೆ ಸಲ್ಲದು, ಸಮತಟ್ಟಾದ ಆಧಾರ ಬೇಕು.

ಕೊಂಡ ಮೇಲೆ, ಗಾದಿಯಂತೆ ಇದನ್ನು ಮಾಳಿಗೆಯ ಮೇಲೆ ಒಣಹಾಕಕೂಡದು. ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ರಬ್ಬರ್ ಬಿರುಸಾಗಿ ಪುಡಿಯಾಗುತ್ತದೆ. ಹೊದಿಕೆಯನ್ನಷ್ಟೇ ಒಗೆದು ಒಣಗಿಸಿ, ಹಾಸಿಗೆಯನ್ನು ಕೋಣೆಯೊಳಗೆಯೇ ಕಿಟಕಿ ತೆರೆದು ಗಾಳಿಗೆ ಇಟ್ಟರೆ ಸಾಕು.