"ಸಾರಿ" ಅನ್ನೋ ಮುಂಚೆ, ಎರಡು ವರ್ಷ ಕಳೆಯೋ ಮುಂಚೆ

ಗಾಡಿಗೆ ಗಾಡಿ ತಾಗಿದ ಕೂಡಲೇ ನಮ್ಮವರ ಬಾಯಲ್ಲಿ ಮೊದಲು ಬರೋ ಮಾತು, "ಸಾರಿ, ನಾನೂ ಸ್ವಲ್ಪ ನೋಡ್ಕೋಬೇಕಿತ್ತು." ಊರಲ್ಲಿ ಅದು ಮರ್ಯಾದೆ. ವರ್ಜೀನಿಯಾ, ಮೇರಿಲ್ಯಾಂಡ್, ನಾರ್ತ್ ಕ್ಯಾರೊಲಿನಾದಲ್ಲಿ ಅದೇ ಮಾತು ಪರಿಹಾರಕ್ಕೆ ಮುಳುವಾಗಬಹುದು. ಈ ಮೂರು ಕಡೆ ಗಾಯಗೊಂಡವರದೂ ಒಂದಿಷ್ಟು ತಪ್ಪಿತ್ತು ಅಂತ ಸಾಬೀತಾದರೆ, ನೂರಕ್ಕೆ ಒಂದು ಪಾಲೇ ಆಗಿರಲಿ, ಸಾಮಾನ್ಯವಾಗಿ ಒಂದು ಡಾಲರೂ ಸಿಗೋದಿಲ್ಲ. 1809ರಲ್ಲಿ ಇಂಗ್ಲೆಂಡಿನ ಒಬ್ಬ ಕುದುರೆ ಸವಾರನ ಮೊಕದ್ದಮೆಯಿಂದ ಬಂದ ನಿಯಮ ಇದು. ಹೆಚ್ಚಿನ ರಾಜ್ಯಗಳು ಬಿಟ್ಟಾಯ್ತು. ಮೇರಿಲ್ಯಾಂಡಿನ ಅತ್ಯುನ್ನತ ಕೋರ್ಟು 2013ರಲ್ಲಿ ಕೈಬಿಡಬಹುದಿತ್ತು, ಶಾಸನಸಭೆಯೇ ನೋಡ್ಕೊಳ್ಳಲಿ ಅಂತ ಉಳಿಸಿಕೊಂಡಿತು. ಅನ್ಯಾಯ ಅಂತಲೇ ನಮಗನ್ನಿಸುತ್ತೆ.

ವಾಷಿಂಗ್ಟನ್ ಡಿಸಿಯಲ್ಲೂ ಇದೇ ನಿಯಮ, ಆದರೆ ವಾಹನ ಬಡಿದ ಪಾದಚಾರಿಗಳಿಗೆ, ಸೈಕಲ್‌ನವರಿಗೆ 2016ರಲ್ಲಿ ಸಡಿಲ ಮಾಡಿದ್ದಾರೆ. ಅಟ್ಲಾಂಟಾದವರು, ಸೌತ್ ಕ್ಯಾರೊಲಿನಾದವರು ವಾಸಿ: ನಿಮ್ಮ ತಪ್ಪು ಅರ್ಧಕ್ಕಿಂತ ಕಮ್ಮಿ ಇದ್ದರೆ, ಆ ಪಾಲು ಕಳೆದು ಉಳಿದದ್ದು ಸಿಗುತ್ತೆ.

ಇನ್ನು ಗಡುವು. ವರ್ಜೀನಿಯಾ, ಜಾರ್ಜಿಯಾದಲ್ಲಿ ಗಾಯವಾದ ದಿನದಿಂದ 2 ವರ್ಷ. ಡಿಸಿ, ಮೇರಿಲ್ಯಾಂಡ್, ಎರಡೂ ಕ್ಯಾರೊಲಿನಾಗಳಲ್ಲಿ 3 ವರ್ಷ. ನಾರ್ತ್ ಕ್ಯಾರೊಲಿನಾದಲ್ಲಿ ಜೀವವೇ ಹೋಗಿದ್ದರೆ 2 ವರ್ಷ. ಮನೆ ಎಲ್ಲಿದೆ ಅನ್ನೋದಕ್ಕಿಂತ ಅಪಘಾತ ಎಲ್ಲಾಯ್ತು ಅನ್ನೋದು ಮುಖ್ಯ. ಮೇರಿಲ್ಯಾಂಡಲ್ಲಿ ಮನೆ ಇದ್ದು, ಪೊಟೊಮ್ಯಾಕ್ ದಾಟಿ ಆರ್ಲಿಂಗ್ಟನ್‌ನಲ್ಲಿ ಪೆಟ್ಟಾದವರು ಮೂರು ವರ್ಷ ಇದೆ ಅಂದ್ಕೊಂಡು ಕೂತರೆ ಕೆಟ್ಟರು.

ನಮ್ಮವರು ಹೆಚ್ಚಾಗಿ ಮೋಸ ಹೋಗೋದು ಇಲ್ಲಿ: ಎದುರು ಪಾರ್ಟಿಯ ಇನ್ಶೂರೆನ್ಸ್‌ನವರು ನಯವಾಗಿ ಮಾತಾಡ್ತಾರೆ. "ಇನ್ನೊಂದು ರಿಪೋರ್ಟ್ ಕಳಿಸಿ, ಸೆಟ್ಲ್ ಮಾಡೋಣ" ಅಂತಾರೆ. ತಿಂಗಳು ಕಳೆಯುತ್ತೆ. ಆ ಮಾತುಕತೆಯಿಂದ ಗಡುವು ತಾನಾಗಿ ನಿಲ್ಲೋದಿಲ್ಲ. ಅವರಲ್ಲಿ ಕ್ಲೇಮ್ ನಂಬರ್ ಸಿಕ್ಕಿದೆ ಅಂದರೆ ಕೋರ್ಟಲ್ಲಿ ದಾವೆ ಹೂಡಿದ ಹಾಗಲ್ಲ. ಅವರು ಫೋನಲ್ಲಿ ಹೇಳಿಕೆ ರೆಕಾರ್ಡ್ ಮಾಡ್ಕೋತೀವಿ ಅಂದರೆ, ವಕೀಲರನ್ನ ಕೇಳದೆ ಒಪ್ಪಬೇಡಿ.

ಸರ್ಕಾರದ ಮೇಲೆ ಕ್ಲೇಮ್ ಆದರೆ ಇನ್ನೂ ಬೇಗ. ಡಿಸಿ ಆಡಳಿತದ ತಪ್ಪಾದರೆ 6 ತಿಂಗಳೊಳಗೆ ಮೇಯರ್‌ಗೆ ಬರವಣಿಗೆಯಲ್ಲಿ ತಿಳಿಸಬೇಕು. ಅಟ್ಲಾಂಟಾದಲ್ಲಿ ನಗರಾಡಳಿತ ನೋಡಿಕೊಳ್ಳೋ ಫುಟ್‌ಪಾತ್ ಒಡೆದು ಬಿದ್ದಿರಾ? ಅಲ್ಲೂ 6 ತಿಂಗಳಲ್ಲೇ ಲಿಖಿತ ನೋಟಿಸ್ ಹೋಗಬೇಕು.

ಕೆಲಸದ ಜಾಗದಲ್ಲಿ ಆದ ಗಾಯದ ದಾರಿಯೇ ಬೇರೆ. ಅಲ್ಲಿ ಯಾರ ತಪ್ಪು ಅಂತ ಸಾಮಾನ್ಯವಾಗಿ ಕೇಳೋದಿಲ್ಲ. ಆದರೆ ವರ್ಜೀನಿಯಾ, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾದಲ್ಲಿ 30 ದಿನದೊಳಗೆ ಮಾಲೀಕರಿಗೆ ತಿಳಿಸಬೇಕು. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಈಮೇಲೋ ಮೆಸೇಜೋ ಕಳಿಸಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಇಂಥ ಕೇಸು ಹಿಡಿಯೋ ವಕೀಲರು ಸಾಮಾನ್ಯವಾಗಿ ಮುಂಗಡ ಕೇಳೋದಿಲ್ಲ, ಬಂದ ಹಣದಲ್ಲಿ ಪಾಲು ತಗೋತಾರೆ. ಖರ್ಚಿಗೆ ಹೆದರಿ ಸುಮ್ಮನಿರೋ ಕಾರಣವಿಲ್ಲ. ವೀಸಾ ಮುಗಿದು ಊರಿಗೆ ಹೊರಟಿದ್ದೀರಾ? ವಿಮಾನ ಹತ್ತೋ ಮುಂಚೆ ಆ ರಾಜ್ಯದ ವಕೀಲರ ಹತ್ತಿರ ಫೈಲ್ ಒಪ್ಪಿಸಿ, ಕೊನೇ ತಾರೀಕು ಯಾವುದು ಅಂತ ಅವರಿಂದ ಬರೆಸಿಕೊಳ್ಳಿ.